ಫ್ರಿಜ್ಜಕ್ಕನ ವೇಗವರ್ಧಕ

ಸಂಜೆ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರ ಬಳಿ ಇಪ್ಪತ್ತೆರಡು ವರ್ಷಗಳಿಂದ ಇದ್ದದ್ದು ಒಂದೇ ನೋಟ್‌ಬುಕ್ಕು. ಹಾಳೆ ಹಳದಿಯಾಗಿತ್ತು, ಅಂಚು ಮುರುಟಿತ್ತು, ಒಳಗಿನ ಹಾಸ್ಯ ಹಳಸಿತ್ತು. ಜಡತ್ವದ ಪಾಠ ಬಂದಾಗ ಹೇಳಬೇಕಾದ ನಗೆಮಾತಿನ ಪಕ್ಕದಲ್ಲಿ ‘ಇಲ್ಲಿ ನಗಲು ಸ್ವಲ್ಪ ಸಮಯ ಕೊಡುವುದು’ ಎಂದು ಅವರೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಈಚಿನ ವರ್ಷಗಳಲ್ಲಿ ಆ ಸಮಯವನ್ನು ಯಾರೂ ಬಳಸಿಕೊಂಡಿರಲಿಲ್ಲ. ಮೇಷ್ಟ್ರು ಮಾತ್ರ ಪದ್ಧತಿ ಬಿಡದೆ ಮೂರು ಸೆಕೆಂಡು ಕಾದು, ಕನ್ನಡಕ ಒರೆಸಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಜಡತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಹಗಲು ಮಕ್ಕಳ ಶಾಲೆಯಾಗಿರುತ್ತಿದ್ದ ಕಟ್ಟಡವೇ ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಕಾಲೇಜಾಗುತ್ತಿತ್ತು. ಚಿಕ್ಕಂದಿನಲ್ಲಿ ಓದು ಬಿಟ್ಟವರು, ಬಿಡಿಸಿಕೊಂಡವರು, ಓದೇ ಯಾರನ್ನು ಬಿಟ್ಟಿತ್ತೋ ಅಂಥವರು, ಹೀಗೆ ಒಬ್ಬ ದರ್ಜಿ, ಒಬ್ಬ ಬ್ಯಾಂಕಿನ ಕಾವಲುಗಾರ, ನಾಲ್ಕೈದು ಮಂದಿ ಔಷಧದಂಗಡಿಯವರು, ಮಂಡಿ ಎದೆಗೆ ತಾಗುವ ಪುಟ್ಟ ಬೆಂಚುಗಳಲ್ಲಿ ಮಡಚಿಕೊಂಡು ಕೂರುತ್ತಿದ್ದರು. ಅವರಿಗೆ ಬೇಕಾದದ್ದು ಸರ್ಟಿಫಿಕೇಟು, ಮೇಷ್ಟ್ರಿಗೆ ಬೇಕಾದದ್ದು ಏಳೂವರೆಯ ಗಂಟೆ. ಎರಡು ಕಡೆಯಲ್ಲೂ ತುಂಬ ಸೌಹಾರ್ದವಿತ್ತು.

ಆ ಸೌಹಾರ್ದವನ್ನು ಕೆಡಿಸಿದವಳು ಎರಡನೇ ಬೆಂಚಿನಲ್ಲಿ ಬಂದು ಕೂತ ನಲವತ್ತೊಂದು ವರ್ಷದ ಒಬ್ಬ ಹೆಂಗಸು. ವರ್ಷದ ಮೊದಲ ದಿನ ಎಲ್ಲರೂ ಚೀಲದಲ್ಲಿ ಪುಸ್ತಕ ತಂದಿದ್ದರೆ ಅವಳ ಚೀಲ ನೆಲಕ್ಕೆ ಇಳಿದಾಗ ‘ಠಣ್’ ಎಂದಿತು. ಒಳಗೆ ಸ್ಪ್ಯಾನರು, ಕೊಳವೆ ಕತ್ತರಿಸುವ ಉಪಕರಣ, ಒಂದು ಗೇಜು ಇದ್ದವು. ಮೇಷ್ಟ್ರು ‘ಯಾರಿಗಾದರೂ ಏನಾದರೂ ಸಂದೇಹ ಇದೆಯೇ’ ಎಂದು ವಾಡಿಕೆಯಂತೆ ಕೇಳಿ, ವಾಡಿಕೆಯಂತೆ ನೋಟ್‌ಬುಕ್ಕು ಮುಚ್ಚುತ್ತಿದ್ದಾಗ ಅವಳು ಎದ್ದು ನಿಂತಳು.

“ಸರ್, ಮೈನಸ್ ಇನ್ನೂರ ಎಪ್ಪತ್ತೊಂದು ಡಿಗ್ರೀಲಿ ಓಡೋ ಫ್ರಿಜ್ಜು ಕೆಟ್ರೆ ಯಾರು ರಿಪೇರಿ ಮಾಡ್ತಾರೆ?”

ತರಗತಿ ನಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಕೇಳಿಬಂದ ಮೊದಲ ನಿಜವಾದ ನಗು ಅದು. ಅದು ತಮಗೆ ಸಂದದ್ದಲ್ಲ ಎಂಬುದು ಮೇಷ್ಟ್ರಿಗೆ ಒಳಗೊಳಗೇ ಚುಚ್ಚಿತು.

“ಅಷ್ಟು ತಣ್ಣಗಿರೋ ಫ್ರಿಜ್ಜು ಎಲ್ಲಮ್ಮಾ ಇದೆ?”

“ನೆಲದ ಕೆಳಗೆ ಸುತ್ತಾಗಿ ಒಂದು ಸುರಂಗ ಮಾಡಿದಾರಂತಲ್ಲ ಸರ್, ಇಪ್ಪತ್ತೇಳು ಕಿಲೋಮೀಟರು. ಅದರೊಳಗೆ ಕಣಗಳನ್ನ ಓಡಿಸ್ತಾರಂತೆ. ಅದರ ಆಯಸ್ಕಾಂತ ಎಲ್ಲಾ ಅಷ್ಟು ತಣ್ಣಗಿರಬೇಕಂತೆ. ಅಂಗಡಿಗೆ ಒಂದು ಥರ್ಮೋಸ್ಟಾಟ್ ಬಂದಿತ್ತು, ಅದನ್ನ ಸುತ್ತಿದ್ದ ಪೇಪರಲ್ಲಿತ್ತು. ಅರ್ಧ ಹರಿದುಹೋಗಿತ್ತು. ಮಿಕ್ಕಿದ್ದು ಕೇಳೋಣ ಅಂತ ಸೇರ್ಕೊಂಡೆ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಅದು ಕಣ ವೇಗವರ್ಧಕವೆಂಬ ಉನ್ನತ ವಿಷಯವೆಂದೂ, ಪ್ರವೇಶ ತರಗತಿಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದೂ, ಆದರೆ ಒಂದರ್ಥದಲ್ಲಿ ಎಲ್ಲವೂ ಅದಕ್ಕೆ ಸಂಬಂಧಿಸಿದ್ದೇ ಎಂದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅವಳು ಅಷ್ಟನ್ನೂ ಬರೆದುಕೊಂಡಳು. ಆಮೇಲೆ ಬರೆದದ್ದನ್ನು ಓದಿ ನೋಡಿ, “ಹಾಗಾದ್ರೆ ಇದರಲ್ಲಿ ಉತ್ತರ ಯಾವುದು ಸರ್?” ಎಂದಳು.

ಮಾರನೆಯ ದಿನಕ್ಕೆ ಅವಳಿಗೆ ‘ಫ್ರಿಜ್ಜಕ್ಕ’ ಎಂದು ಹೆಸರಾಯಿತು. ಮೇಷ್ಟ್ರು ಮನೆಯಲ್ಲಿ ಅಟ್ಟದಿಂದ ತಮ್ಮ ಎಂ.ಎಸ್ಸಿ. ಪುಸ್ತಕ ಇಳಿಸಿ ಧೂಳು ಕೊಡವುತ್ತಿದ್ದಾಗ ಅವರ ಹೆಂಡತಿ ಬಾಗಿಲಲ್ಲಿ ನಿಂತು, “ಏನ್ರೀ, ಮತ್ತೆ ಪರೀಕ್ಷೆ ಕಟ್ಟಿದೀರಾ?” ಎಂದು ಕೇಳಿದರು. ಒಂದು ಲೆಕ್ಕದಲ್ಲಿ ಕಟ್ಟಿದ್ದರು.

ಫ್ರಿಜ್ಜಕ್ಕ ಹುಟ್ಟುತ್ತಲೇ ಮೆಕ್ಯಾನಿಕ್ ಆಗಿರಲಿಲ್ಲ. ಅವಳು ಏಳನೇ ತರಗತಿಗೆ ಓದು ಬಿಟ್ಟವಳು. ಮದುವೆಯಾಗಿ ಬಂದಾಗ ಗಂಡನ ರಿಪೇರಿ ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಮೊದಮೊದಲು ಪರದೆಯ ಆಚೆಯಿಂದ ಚಹಾ ಕೊಡುತ್ತಿದ್ದಳು. ಆಮೇಲೆ ಚಹಾದ ಜೊತೆಗೆ ಕೇಳಿದ ಸ್ಪ್ಯಾನರನ್ನೂ ಕೊಡತೊಡಗಿದಳು. ಐದಾರು ವರ್ಷ ಕಳೆಯುವ ಹೊತ್ತಿಗೆ ಗಂಡ ಕೈ ಚಾಚುವ ಮೊದಲೇ ಸರಿಯಾದ ನಂಬರಿನ ಸ್ಪ್ಯಾನರು ಅವನ ಅಂಗೈಯಲ್ಲಿರುತ್ತಿತ್ತು. ಹೀಗಿರುವಾಗ ಒಂದು ದಿನ ಐಸ್‌ಕ್ರೀಮ್ ಅಂಗಡಿಯ ದೊಡ್ಡ ಫ್ರೀಜರನ್ನು ಮೆಟ್ಟಿಲಿನಿಂದ ಇಳಿಸುತ್ತ ಗಂಡ ಜಾರಿದ. ಫ್ರೀಜರಿಗೆ ಏನೂ ಆಗಲಿಲ್ಲ. ಅವನ ಬೆನ್ನಿಗೆ ಮಾತ್ರ ಅಂದಿನಿಂದ ಒಂದು ಪಟ್ಟಿ ಬಂತು. ಬಗ್ಗಬೇಡಿ, ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ಬಗ್ಗದೆ ಎತ್ತದೆ ಮಾಡಬಹುದಾದ ಫ್ರಿಜ್ ರಿಪೇರಿಯನ್ನು ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ.

ಮೂರನೆಯ ದಿನ ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಮೊದಲ ಮನೆಯವರು ಬಾಗಿಲು ತೆಗೆದು, ಅವಳ ಹಿಂದೆ ಮುಂದೆ ನೋಡಿ, “ಮೆಕ್ಯಾನಿಕ್ ಎಲ್ಲಿ?” ಎಂದರಂತೆ. “ಬಂದಿದಾರೆ, ಫ್ರಿಜ್ಜೆಲ್ಲಿ?” ಎಂದು ಇವಳು ಒಳಗೆ ಹೋದಳಂತೆ. ಆಮೇಲೆ ಹದಿಮೂರು ವರ್ಷ ಆ ಬಡಾವಣೆಯ ಹಾಲು ಹಾಳಾಗದಂತೆ ನೋಡಿಕೊಂಡವಳು ಅವಳೇ. ಗಂಡ ಕೌಂಟರಿನಲ್ಲಿ ಕೂತು ಫೋನು ನೋಡಿಕೊಂಡ, ಹಾಸ್ಯದ ಇಲಾಖೆಯನ್ನೂ ವಹಿಸಿಕೊಂಡ.

ಕಾಲೇಜು ಸೇರುತ್ತೇನೆ ಎಂದಾಗ ಗಂಡ ನಕ್ಕ. ಅತ್ತೆ ನಗಲಿಲ್ಲ. ಜನ ಸಂಜೆ ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದಾಗಲೇ ಅದು ಕೆಟ್ಟದ್ದು ಗೊತ್ತಾಗುವುದು. ಅಂಗಡಿಯ ಫೋನು ಹೊಡೆದುಕೊಳ್ಳುವುದೂ ಆಗಲೇ. ಆ ಹೊತ್ತಿನಲ್ಲಿ ಮೆಕ್ಯಾನಿಕ್ಕು ಬೆಂಚಿನ ಮೇಲೆ ಕೂತಿದ್ದರೆ?

“ನೋಡು,” ಎಂದರಂತೆ ಅತ್ತೆ, “ಒಂದು ವರ್ಷ ಹೋಗು. ನಾನು ಅಡ್ಡ ಬರಲ್ಲ. ಪಾಸಾದ್ಯೋ, ಎರಡನೇ ವರ್ಷಕ್ಕೂ ಹೋಗು. ಒಂದ್ರಲ್ಲಿ ಫೇಲಾದ್ರೂ ಆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕ್ಬೇಕು, ಆಮೇಲೆ ಆ ಮಾತು ಎತ್ತಬಾರದು. ಒಪ್ಪಿಗೇನಾ?”

ಒಪ್ಪಿಗೆ ಎಂದಿದ್ದಳು. ಅತ್ತೆ ಸೊಸೆಯರ ನಡುವೆ ಇಂಥ ಕರಾರಿಗೆ ಕಾಗದ ಬೇಕಾಗುವುದಿಲ್ಲ. ಇಬ್ಬರೂ ಮರೆಯುವವರಲ್ಲ.

ಇದನ್ನೆಲ್ಲ ಮೇಷ್ಟ್ರು ತಿಳಿದುಕೊಂಡದ್ದು ನಿಧಾನವಾಗಿ, ತರಗತಿ ಮುಗಿದ ಮೇಲೆ ಅವಳು ಕೇಳುತ್ತಿದ್ದ ಪ್ರಶ್ನೆಗಳ ಸಂದಿಯಲ್ಲಿ. ಪ್ರಶ್ನೆಗಳಿಗೆ ಮಾತ್ರ ಸಂದಿ ಕಡಿಮೆ. ಕಣ ಓಡುವ ಕೊಳವೆಯಲ್ಲಿ ಗಾಳಿ ಯಾಕಿರಬಾರದು? ಸಂಜೆಯ ಮಾರುಕಟ್ಟೆಯಲ್ಲಿ ಓಡಲು ಹೋದ ಹಾಗಾಗುತ್ತದೆ, ಹೆಜ್ಜೆಗೊಬ್ಬರಿಗೆ ಡಿಕ್ಕಿ, ಎಂದರು ಮೇಷ್ಟ್ರು. ಸುತ್ತಾಗಿ ಯಾಕೆ ಓಡಿಸುತ್ತಾರೆ, ನೆಟ್ಟಗೆ ಓಡಿಸಿದರೆ ಆಗದೆ? ಸುತ್ತು ಬಂದರೆ ಅದೇ ಜಾಗದಲ್ಲಿ ನಿಂತು ಪ್ರತಿ ಸಲವೂ ಒಂದೊಂದು ನೂಕು ಕೊಡಬಹುದಲ್ಲ, ಎಂದರು.

“ಓ, ನಮ್ಮ ಕಂಪ್ರೆಸರ್ ಥರಾನೇ,” ಎಂದಳು ಅವಳು. “ಅದೇ ಗ್ಯಾಸು ಸುತ್ತಿ ಸುತ್ತಿ ಬರುತ್ತೆ, ಬಂದಾಗೆಲ್ಲ ಕಂಪ್ರೆಸರ್ ಒಂದು ಗುದ್ದು ಗುದ್ದುತ್ತೆ. ಆದ್ರೆ ಸರ್, ಸುತ್ತು ಬರೋವಾಗ ಹೊರಗೆ ಹಾರಿಹೋಗಲ್ವಾ?”

“ಅದಕ್ಕೇ ಆಯಸ್ಕಾಂತ. ಬಗ್ಗಿಸಿ ಬಗ್ಗಿಸಿ ಒಳಗೇ ಇಟ್ಕೊಳ್ಳೋದು.”

“ಆಯಸ್ಕಾಂತಕ್ಕೆ ಬಲ ಬೇಕು ಅಂದ್ರೆ ಕರೆಂಟು ಜಾಸ್ತಿ ಬೇಕು. ಕರೆಂಟು ಜಾಸ್ತಿ ಆದ್ರೆ ತಂತಿ ಕಾಯುತ್ತೆ. ಅದಕ್ಕೇ ತಣ್ಣಗೆ!” ಎಂದು ಅವಳು ಬೆಂಚಿಗೆ ಒಂದು ಏಟು ಕೊಟ್ಟಳು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಎದ್ದು ನಿಂತು ಸಲ್ಯೂಟು ಹೊಡೆದ.

ಅಷ್ಟು ತಣ್ಣಗಾದಾಗ ಕೆಲವು ತಂತಿಗಳಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಇರುವುದಿಲ್ಲ, ಆದ್ದರಿಂದ ತಂತಿ ಕಾಯುವುದೇ ಇಲ್ಲ ಎಂಬ ಮುಂದಿನ ಭಾಗವನ್ನು ಮೇಷ್ಟ್ರು ಹೇಳಿದರು. ಹೇಳುತ್ತ ಹೇಳುತ್ತ ತಮ್ಮ ದನಿ ಏರಿದ್ದು ಅವರಿಗೇ ಕೇಳಿಸಿತು. ಅಂದು ಏಳೂವರೆಯ ಗಂಟೆ ಹೊಡೆದದ್ದು ಮಾತ್ರ ಕೇಳಿಸಲಿಲ್ಲ.

ವರ್ಷದ ಕೊನೆಗೆ ಲಿಖಿತ ಪರೀಕ್ಷೆಯಲ್ಲದೆ ಪ್ರತಿಯೊಬ್ಬರೂ ಏನಾದರೊಂದು ಉಪಕರಣ ಮಾಡಿ ಪರೀಕ್ಷಕರಿಗೆ ತೋರಿಸಬೇಕಿತ್ತು. ಅದರಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಕಾಲೇಜಿನ ಪರಂಪರೆಯಂತೆ ಎಲ್ಲರೂ ಲೋಲಕ ಮಾಡುತ್ತಿದ್ದರು: ಒಂದು ದಾರ, ಒಂದು ಗುಂಡು. ದಾರ ಹರಿಯದಿದ್ದರೆ ಪಾಸು. ಫ್ರಿಜ್ಜಕ್ಕ ಮಾತ್ರ ವೇಗವರ್ಧಕ ಮಾಡುತ್ತೇನೆ ಎಂದಳು.

“ಅಮ್ಮಾ, ನಿಮ್ಮತ್ತೆ ಹೇಳಿದ್ದು ನೆನಪಿದೆ ತಾನೇ? ಲೋಲಕ ಮಾಡಿ. ನೂರಕ್ಕೆ ನೂರು ಪಾಸು,” ಎಂದರು ಮೇಷ್ಟ್ರು.

“ಲೋಲಕ ನೋಡೋಕೆ ಕಾಲೇಜಿಗೆ ಬರ್ಬೇಕಾ ಸರ್? ನಮ್ಮನೇಲಿ ಗಡಿಯಾರ ಇದೆ. ಇಪ್ಪತ್ತೇಳು ಕಿಲೋಮೀಟರು ಬೇಡ, ಒಂದು ಮೊಳ ಸಾಕು. ನೆಟ್ಟಗೆ ಓಡ್ಲಿ. ಒಂದೇ ಒಂದ್ಸಲ ಅದು ಓಡಿದ್ದನ್ನ ಕಣ್ಣಾರೆ ನೋಡ್ಬೇಕು.”

ಒಂದು ಮೊಳದ ವೇಗವರ್ಧಕ ಅಸಾಧ್ಯವಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅದೇ ತೊಂದರೆ. ಗಾಳಿ ತೆಗೆದ ಗಾಜಿನ ಕೊಳವೆ. ಒಂದು ತುದಿಯಲ್ಲಿ ಬಲ್ಬಿನೊಳಗಿರುವಂಥ ಎಳೆ, ಅದು ಕಾದರೆ ಎಲೆಕ್ಟ್ರಾನುಗಳು ಹೊರಬರುತ್ತವೆ. ಮುಂದೆ ತೂತಿರುವ ಒಂದು ತಗಡು. ಎಳೆಗೂ ತಗಡಿಗೂ ನಡುವೆ ನಾಲ್ಕು ಸಾವಿರ ವೋಲ್ಟು ಕೊಟ್ಟರೆ ಎಲೆಕ್ಟ್ರಾನು ಆ ತೂತಿನಿಂದ ನುಗ್ಗಿ, ಇನ್ನೊಂದು ತುದಿಯಲ್ಲಿ ಹೊಳೆಯುವ ಪುಡಿ ಬಳಿದ ಗಾಜಿಗೆ ಬಡಿಯುತ್ತದೆ. ಬಡಿದಲ್ಲಿ ಹಸಿರು ಚುಕ್ಕೆ. ವೇಗ ಸೆಕೆಂಡಿಗೆ ಸುಮಾರು ಮೂವತ್ತೇಳು ಸಾವಿರ ಕಿಲೋಮೀಟರು. ಈ ಅಂಕಿಯನ್ನು ಫ್ರಿಜ್ಜಕ್ಕ ಮನೆಯಲ್ಲಿ ಹೇಳಿದಾಗ ಗಂಡ, “ಅದಕ್ಕೆ ಸ್ವಲ್ಪ ನಮ್ಮ ಸರ್ವೀಸ್ ಕೆಲಸಾನೂ ಕಲಿಸು ಮಾರಾಯ್ತಿ,” ಎಂದನಂತೆ.

ಕಾಲೇಜಿನಲ್ಲಿ ಇಲ್ಲದ್ದು ಅಷ್ಟು ಗಾಳಿ ಎಳೆಯುವ ಪಂಪು. ಫ್ರಿಜ್ಜಿನವರ ಪಂಪು ಅಷ್ಟು ದೂರ ಹೋಗುವುದಿಲ್ಲ. ಮೇಷ್ಟ್ರು ಒಂದು ಸಂಶೋಧನಾಲಯಕ್ಕೆ ಪತ್ರ ಬರೆದರು. ಉತ್ತರ ಬರುವುದಿಲ್ಲ ಎಂಬ ಭರವಸೆಯಲ್ಲೇ ಬರೆದಿದ್ದರು. ಉತ್ತರದ ಬದಲು ಪಂಪೇ ಬಂತು. ಒಂದು ಬುಧವಾರ ವ್ಯಾನಿನವನು ಅದನ್ನು ಇಳಿಸಿ, ಸೂಚನೆಯ ಒಂದು ಹಾಳೆಯನ್ನು ಮೇಷ್ಟ್ರ ಕೈಗಿಟ್ಟು, “ಮುಂದಿನ ಶುಕ್ರವಾರ ಐದಕ್ಕೆ ವಾಪಸ್ ತಗೊಂಡು ಹೋಗ್ತೀನಿ. ಐದು ಅಂದ್ರೆ ಐದು,” ಎಂದು ಹೋದ. ಪರೀಕ್ಷಕರು ಬರುವುದೂ ಅದೇ ಶುಕ್ರವಾರ, ಮೂರಕ್ಕೆ.

ಎರಡು ಸಂಜೆಯಲ್ಲಿ ಫ್ರಿಜ್ಜಕ್ಕ ಕೊಳವೆ ಜೋಡಿಸಿದ ರೀತಿಯನ್ನು ಮೇಷ್ಟ್ರು ಕೈಕಟ್ಟಿ ನೋಡುತ್ತ ನಿಂತರು. ನೋಡುವುದಕ್ಕೇ ಒಂದು ಸೊಗಸು. ತಾಮ್ರದ ಕೊಳವೆಯನ್ನು ಕತ್ತರಿಸಿ, ಅಂಚಿನ ಮೇಲೆ ಹೆಬ್ಬೆರಳು ಒಂದು ಸುತ್ತು ಓಡಿಸಿ, ಕಣ್ಣಿಗೆ ಕಾಣದ ಒರಟನ್ನು ಉಜ್ಜಿ ತೆಗೆಯುವಳು. ಪ್ರತಿ ಜಾಯಿಂಟಿಗೂ ರಬ್ಬರಿನ ಬಳೆ ಕೂರಿಸಿ, ಮುದ್ದಿನಿಂದ ಒಂದು ತೊಟ್ಟು ಎಣ್ಣೆ ಸವರಿ, ಇಷ್ಟೇ ಇಷ್ಟು ತಿರುಗಿಸಿ ನಿಲ್ಲಿಸುವಳು. ಒಂಬತ್ತು ಜಾಯಿಂಟು, ಒಂಬತ್ತು ತೊಟ್ಟು. ‘ಹಸ್ತಕೌಶಲ ಎಂದರೆ ಇದು’ ಎಂದು ಮೇಷ್ಟ್ರು ಮನಸ್ಸಿನಲ್ಲೇ ಮೆಚ್ಚಿಕೊಂಡರು.

ಶುಕ್ರವಾರ ಪಂಪು ಹಾಕಿದರು. ಗೇಜಿನ ಮುಳ್ಳು ಸರಸರನೆ ಇಳಿಯಿತು, ಆಮೇಲೆ ನಿಧಾನಿಸಿತು, ಆಮೇಲೆ ನಿಂತೇಬಿಟ್ಟಿತು. ಬೇಕಾದ ಗೆರೆ ಇನ್ನೂ ಮೂರು ಬೆರಳು ಕೆಳಗಿತ್ತು.

“ಲೀಕು,” ಎಂದರು ಮೇಷ್ಟ್ರು ಬಲ್ಲವರಂತೆ.

“ಲೀಕೇ ಇರ್ಬೇಕು,” ಎಂದಳು ಅವಳೂ.

ಶನಿವಾರ ಕೊಳವೆಗೆ ಸಿಲಿಂಡರಿನ ಗ್ಯಾಸು ಹಾಯಿಸಿ, ಜಾಯಿಂಟುಗಳ ಮೇಲೆ ಸೋಪಿನ ನೊರೆ ಬಳಿದು ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಒಂಬತ್ತನ್ನೂ ಬಿಚ್ಚಿ, ಒರೆಸಿ, ಮತ್ತೊಂದು ತೊಟ್ಟು ಎಣ್ಣೆ ಸವರಿ ಕೂರಿಸಿದಳು. ಸೋಮವಾರ ಮುಳ್ಳು ಇನ್ನೂ ಒಂದು ಕೂದಲೆಳೆ ಮೇಲೆಯೇ ನಿಂತಿತು. ಮಂಗಳವಾರ ಹೊರಗಿನಿಂದ ಸ್ಪಿರಿಟ್ ಸವರಿದರು. ತೂತಿದ್ದ ಕಡೆ ಮುಳ್ಳು ಬೆಚ್ಚುತ್ತದೆ ಎಂದು ಮೇಷ್ಟ್ರು ಎಂ.ಎಸ್ಸಿ. ಪುಸ್ತಕದಲ್ಲಿ ಓದಿದ್ದರು. ಮುಳ್ಳು ಯಾವುದಕ್ಕೂ ಬೆಚ್ಚಲಿಲ್ಲ. ಬುಧವಾರ ಮತ್ತೆ ಬಿಚ್ಚಿದಳು, ಮತ್ತೆ ಒಂಬತ್ತು ತೊಟ್ಟು. ಲೋಲಕದವರು ತಮ್ಮ ತಮ್ಮ ದಾರ ಸುತ್ತಿಟ್ಟುಕೊಂಡು ಮನೆಗೆ ಹೋಗುತ್ತ, “ಅಕ್ಕಾ, ಒಂದು ಗುಂಡು ಹೆಚ್ಚಿಗೆ ಇದೆ, ಬೇಕಾ?” ಎಂದು ಕೇಳಿದರು.

ಮನೆಯಲ್ಲಿ ಅತ್ತೆ ಏನೂ ಕೇಳುತ್ತಿರಲಿಲ್ಲವಂತೆ. ಗೋಡೆಯ ಕ್ಯಾಲೆಂಡರನ್ನು ಮಾತ್ರ ಸೊಸೆಯ ಕಣ್ಣಿಗೆ ಬೀಳುವಂತೆ ಒಂದು ಮೊಳೆ ಈಚೆಗೆ ತೂಗುಹಾಕಿದ್ದರಂತೆ.

ಗುರುವಾರ ಸಂಜೆ ಅವಳು ಪಂಪಿಗೂ ಕೊಳವೆಗೂ ನಡುವಿನ ವಾಲ್ವು ಮುಚ್ಚಿ, ಬಾಗಿಲಾಚೆ ಚಹಾ ಕುಡಿಯಲು ಹೋದಳು. ಮೇಷ್ಟ್ರು ಮೇಜಿನ ಮುಂದೆ ತಲೆಗೆ ಕೈಕೊಟ್ಟು ಕೂತಿದ್ದರು. ಹತ್ತು ನಿಮಿಷದ ಮೇಲೆ ಬಂದು ಗೇಜು ನೋಡಿದವಳು ಹಾಗೇ ನಿಂತಳು.

“ಸರ್, ಇದು ಯಾವಾಗ ನಿಂತಿದ್ದು?”

“ಯಾವುದು?”

“ಮುಳ್ಳು. ವಾಲ್ವು ಮುಚ್ಚಿದ ಮೇಲೆ ಏರಿದೆ. ಏರಿ, ಇಲ್ಲಿ ನಿಂತಿದೆ. ಅಲ್ಲಾಡ್ತಾ ಇಲ್ಲ.” ಅವಳು ಗೇಜಿಗೆ ಮೂಗು ತಾಗುವಷ್ಟು ಬಗ್ಗಿದಳು. “ತೂತಾಗಿದ್ರೆ ಯಾಕೆ ನಿಲ್ಲುತ್ತೆ? ಹೊರಗಿನ ಗಾಳಿಗೇನು ಬರಗಾಲವಾ? ಏರ್ತಾನೇ ಇರ್ಬೇಕಿತ್ತು. ಇದು ಒಳಗಿಂದ ಬರ್ತಾ ಇದೆ ಸರ್. ಒಳಗೇ ಏನೋ ಆವಿ ಆಗ್ತಾ ಇದೆ.”

“ಒಳಗೆ ಏನಿದೆ? ಗಾಜು, ತಾಮ್ರ, ಎಳೆ, ತಗಡು...”

ಅವಳು ತನ್ನ ಬಲಗೈಯ ತೋರುಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಮುಖ ಸಣ್ಣದಾಯಿತು.

“ಎಣ್ಣೆ,” ಎಂದಳು. “ನಾನೇ ಸರ್. ಕಂಪ್ರೆಸರ್ ಎಣ್ಣೆ. ಫ್ರಿಜ್ಜಿಗೆ ಜಾಯಿಂಟ್ ಹಾಕೋವಾಗ ಒಂದು ತೊಟ್ಟು ಹಾಕ್ದೆ ಇದ್ರೆ ನಮ್ಮನೆಯವರು ಕೈ ಮೇಲೆ ಹೊಡೀತಿದ್ರು. ಅಲ್ಲಿ ಅದು ಲೀಕ್ ತಡೆಯುತ್ತೆ. ಇಲ್ಲಿ ಗಾಳೀನೇ ಇಲ್ಲ, ಆ ಎಣ್ಣೇನೇ ಕುದೀತಾ ಕೂತಿದೆ. ಬಿಚ್ಚಿದಾಗೆಲ್ಲ ಇನ್ನೊಂದು ತೊಟ್ಟು ಹಾಕಿ ಹಾಕಿ, ಅಯ್ಯೋ, ಐದು ಸಂಜೆ ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದೆ!”

ಮೇಷ್ಟ್ರಿಗೆ ಆಗ ಏನೋ ಹೊಳೆಯಿತು, ಹೊಳೆದದ್ದು ಹಿತವಾಗಿರಲಿಲ್ಲ. ಎದುರಿನ ಚಹಾ ಲೋಟವನ್ನು ಮೆಲ್ಲಗೆ ಎತ್ತಿದರು. ಅದರ ಕೆಳಗೆ, ಪಂಪು ಬಂದ ಬುಧವಾರದಿಂದ ಲೋಟ ಇಡಲು ಅನುಕೂಲವಾಗಿದ್ದ ಒಂದು ಹಾಳೆ. ಮೇಲೆ ಏಳೆಂಟು ಕಂದು ಬಣ್ಣದ ಉಂಗುರಗಳು. ಸಂಶೋಧನಾಲಯದ ಸೂಚನೆ, ನಾಲ್ಕನೆಯ ಸಾಲು: ‘ಒಳಭಾಗಗಳಿಗೆ ಯಾವುದೇ ಎಣ್ಣೆ ಅಥವಾ ಬರಿಗೈ ತಾಗಬಾರದು.’

ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವಷ್ಟು ಸಮಯವಿತ್ತು. ಅವಳು ಕೊಳವೆಯ ಕಡೆ ತಿರುಗಿದ್ದಳು. ಮೇಷ್ಟ್ರು ಜೇಬಿಗೆ ಹಾಕಿಕೊಂಡೂಬಿಟ್ಟರು.

“ಆದದ್ದಾಯ್ತು,” ಎಂದರು ದೊಡ್ಡ ಮನಸ್ಸಿನಿಂದ. “ಬಿಚ್ಚಿ ತೊಳೆಯೋಣ. ಆದ್ರೆ ವರದೀಲಿ ಎಣ್ಣೆ ಗಿಣ್ಣೆ ಅಂತ ಬರೀಬೇಡಿ. ಪರೀಕ್ಷಕರಿಗೆ ಯಾಕೆ ಬೇಕು? ಪಂಪು ತಡವಾಗಿ ಬಂತು ಅಂತ ಬರೆದ್ರೆ ಮುಗೀತು. ನಿಮಗೆ ಈ ಪಾಸು ಎಷ್ಟು ಮುಖ್ಯ ಅಂತ ನನಗೆ ಗೊತ್ತು.”

“ಆಗಲ್ಲ ಸರ್.”

“ಯಾಕಾಗಲ್ಲ?”

“ರಿಪೇರಿಗೆ ಹೋದ ಮನೇಲಿ ಏನು ಕೆಟ್ಟಿತ್ತು ಅಂತ ಚೀಟಿ ಬರೆದು ಫ್ರಿಜ್ಜಿನ ಹಿಂದೆ ಅಂಟಿಸಿ ಬರ್ತೀವಿ. ನಾಳೆ ಇನ್ನೊಬ್ಬ ಬಂದು ನೋಡಿದ್ರೆ ಗೊತ್ತಾಗ್ಲಿ ಅಂತ. ನಾನೇ ಕೆಡಿಸಿದ್ರೆ ನಾನೇ ಕೆಡಿಸಿದ್ದು ಅಂತಾನೇ ಬರೆಯೋದು. ಸುಳ್ಳು ಚೀಟಿ ನೋಡ್ಕೊಂಡು ಮುಂದಿನೋನು ಇಡೀ ದಿನ ತಪ್ಪು ಕಡೆ ಹುಡುಕ್ತಾನೆ. ಮುಂದಿನ ವರ್ಷ ಯಾರಾದ್ರೂ ಈ ಕೊಳವೆ ಮುಟ್ಟಲ್ವಾ?”

ಮೇಷ್ಟ್ರ ಜೇಬಿನಲ್ಲಿ ಆ ಹಾಳೆಗೆ ಇದ್ದಕ್ಕಿದ್ದಂತೆ ಭಾರ ಬಂದಿತ್ತು. ಕೊನೆಗೆ ತೆಗೆದು ಮೇಜಿನ ಮೇಲೆ ಹರವಿದರು.

“ಹಾಗಾದ್ರೆ ಇದನ್ನೂ ಬರೀರಿ,” ಎಂದರು.

ಅವಳು ಹಾಳೆ ಓದಿದಳು. ನಾಲ್ಕನೆಯ ಸಾಲು ಓದಿದಳು. ಕಂದು ಉಂಗುರಗಳನ್ನು ನೋಡಿದಳು. ಬಾಯಿ ತುಂಬ ಬಂದ ನಗುವನ್ನು ತಡೆದು, “ಎಷ್ಟು ಲೋಟ ಸರ್?” ಎಂದಷ್ಟೇ ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ತಾವು ಯಾರ ಮುಂದೆಯೂ ತಪ್ಪು ಒಪ್ಪಿಕೊಂಡಿರಲಿಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಅದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲೇ ಶುರುಮಾಡಬಹುದಿತ್ತು.

ಇನ್ನೂ ಅರ್ಧ ಗಂಟೆ ಐದೈದು ನಿಮಿಷಕ್ಕೊಮ್ಮೆ ಮುಳ್ಳು ನಿಂತ ಜಾಗವನ್ನು ಅವಳು ಬರೆದುಕೊಂಡ ಮೇಲೆ, ಆ ಸಂಜೆಯೇ ಎಲ್ಲವನ್ನೂ ಬಿಚ್ಚಿದರು. ಶುಕ್ರವಾರ ಮಕ್ಕಳ ಶಾಲೆಗೆ ರಜೆ. ಬೆಳಿಗ್ಗೆ ಅವಳು ಅಂಗಡಿಗೆ ಹೋಗದೆ ಕಾಲೇಜಿಗೇ ಬಂದಳು. ಕೈಗವಸು ಹಾಕಿಕೊಂಡು ಪ್ರತಿ ತುಂಡನ್ನೂ ಸ್ಪಿರಿಟಿನಲ್ಲಿ ಮೂರು ಮೂರು ಸಲ ತೊಳೆದಳು. ಮೇಷ್ಟ್ರ ಹೆಂಡತಿಯ ಹೇರ್ ಡ್ರೈಯರು ಕಾಲೇಜಿಗೆ ಬಂತು. ಮೇಷ್ಟ್ರು ಅದನ್ನು ಹಿಡಿದು, ಕೂಸಿಗೆ ಸ್ನಾನ ಮಾಡಿಸಿದ ಮೇಲೆ ಒಣಗಿಸುವಂತೆ ಕೊಳವೆಯ ಉದ್ದಕ್ಕೂ ಬಿಸಿಗಾಳಿ ಬಿಡುತ್ತ ಕೂತರು. ಹನ್ನೆರಡಕ್ಕೆ ಪಂಪು ಹಾಕಿದರು. ಮುಳ್ಳು ಇಳಿಯಿತು, ನಿಧಾನಿಸಿತು, ಆದರೆ ಈ ಸಲ ನಿಲ್ಲಲಿಲ್ಲ. ಆಮೆಯ ಹಾಗೆ ತೆವಳುತ್ತಲೇ ಇತ್ತು.

ಮೂರಕ್ಕೆ ಪರೀಕ್ಷಕಿ ಬಂದರು. ಬೆಳ್ಳಿಗೂದಲು, ಮೂಗಿನ ತುದಿಯಲ್ಲಿ ಕನ್ನಡಕ, ಲೋಲಕ ನೋಡಿ ನೋಡಿ ಬೇಸತ್ತ ಮುಖ. ಹತ್ತೊಂಬತ್ತು ಲೋಲಕಗಳನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಕೊನೆಯ ಮೇಜಿಗೆ ಬಂದರು.

“ಇದೇನಮ್ಮ?”

“ವೇಗವರ್ಧಕ ಮೇಡಂ.”

“ಕೆಲಸ ಮಾಡುತ್ತಾ?”

“ಇನ್ನೂ ಇಲ್ಲ ಮೇಡಂ.”

ಪರೀಕ್ಷಕಿ ವರದಿ ತೆರೆದರು. ಮೊದಲ ಪುಟದಲ್ಲೇ ಅಂಗಡಿಯ ಚೀಟಿಯ ಮಾದರಿಯಲ್ಲಿ ಬರೆದಿತ್ತು: ‘ದೂರು: ಮುಳ್ಳು ಇಳಿಯುತ್ತಿಲ್ಲ. ಕಾರಣ ಒಂದು: ವಿದ್ಯಾರ್ಥಿನಿ ಒಂಬತ್ತು ಜಾಯಿಂಟಿಗೂ ಎಣ್ಣೆ ಹಚ್ಚಿದ್ದು. ಕಾರಣ ಎರಡು: ಸೂಚನೆಯ ಹಾಳೆಯನ್ನು ಮೇಷ್ಟ್ರು ಓದದೆ ಇದ್ದದ್ದು.’ ಅವರು ಕನ್ನಡಕದ ಮೇಲಿನಿಂದ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಹೇರ್ ಡ್ರೈಯರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

“ಎಣ್ಣೇನೇ ಅಂತ ಹೇಗೆ ಹೇಳ್ತೀರಿ? ತೂತೂ ಇರಬಹುದಲ್ಲ?”

“ವಾಲ್ವು ಮುಚ್ಚಿ ನೋಡಿದೆ ಮೇಡಂ. ತೂತಾದ್ರೆ ಮುಳ್ಳು ಏರ್ತಾನೇ ಹೋಗುತ್ತೆ. ಒಳಗಿನ ಎಣ್ಣೆ, ಪಸೆ ಆದ್ರೆ ಆವಿ ಆಗೋಷ್ಟು ಆಗಿ ಒಂದು ಕಡೆ ನಿಂತ್ಬಿಡುತ್ತೆ. ಇದು ನಿಂತಿತ್ತು. ಐದು ನಿಮಿಷಕ್ಕೊಂದ್ಸಲ ಬರೆದಿದೀನಿ, ಎರಡನೇ ಪುಟ.”

“ಇದನ್ನ ಯಾರು ಹೇಳಿಕೊಟ್ರು? ನಿಮ್ಮ ಮೇಷ್ಟ್ರಾ?”

“ಇಲ್ಲ ಮೇಡಂ, ನಮ್ಮನೆಯವರು. ಗ್ಯಾಸ್ ತುಂಬೋಕೆ ಮೊದಲು ಪ್ರತಿ ಫ್ರಿಜ್ಜಿಗೂ ಹೀಗೇ ನೋಡೋದು.”

“ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತು. ಮತ್ತೆ ಐದು ದಿನ ಯಾಕೆ ನೋಡಲಿಲ್ಲ?”

ಫ್ರಿಜ್ಜಕ್ಕ ಸ್ವಲ್ಪ ಯೋಚಿಸಿದಳು.

“ಬೇರೆಯವರು ಜೋಡಿಸಿದ್ದಾಗಿದ್ರೆ ಮೊದಲನೇ ದಿನಾನೇ ನೋಡ್ತಿದ್ದೆ ಮೇಡಂ. ನಾನೇ ಜೋಡಿಸಿದ್ದಲ್ವಾ, ನನ್ನ ಕೈ ಮೇಲೆ ಅನುಮಾನ ಬರಲಿಲ್ಲ.”

ಪರೀಕ್ಷಕಿ ಒಂದು ಸ್ಟೂಲು ಎಳೆದುಕೊಂಡು ಕೂತರು. ತಮ್ಮ ಚೀಲವನ್ನು ನೆಲಕ್ಕಿಟ್ಟರು. ಬಸ್ಸಿಗೆ ಹೊತ್ತಾಯಿತು ಎಂದು ಬಂದಾಗಿನಿಂದ ಗಡಿಯಾರ ನೋಡುತ್ತಿದ್ದವರು ಈಗ ಗೇಜು ನೋಡತೊಡಗಿದರು. ಮೂರು ಜನ ಮಾತಿಲ್ಲದೆ ಒಂದು ಮುಳ್ಳನ್ನು ನೋಡುತ್ತ ಕೂತರು. ನಾಲ್ಕು ಗಂಟೆ ಆಯಿತು. ನಾಲ್ಕೂಕಾಲಾಯಿತು. ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ವ್ಯಾನಿನವನು ಮೊದಲೇ ಬಂದಿದ್ದ. ಒಳಗೆ ಬಂದು, ಇವರ ಮುಖ ನೋಡಿ, ಯಾರಿಗೋ ಮೈ ಹುಷಾರಿಲ್ಲವೆಂದುಕೊಂಡು ಅವನೂ ಸುಮ್ಮನೆ ನಿಂತ.

ನಾಲ್ಕು ಮೂವತ್ತೆರಡಕ್ಕೆ ಮುಳ್ಳು ಗೆರೆ ಮುಟ್ಟಿತು. ಮೇಷ್ಟ್ರು ಕಿಟಕಿಯ ಪರದೆ ಎಳೆದರು. ಎಳೆ ಕೆಂಪಗೆ ಕಾದು ಹಳದಿಯಾಯಿತು. ಫ್ರಿಜ್ಜಕ್ಕ ವೋಲ್ಟೇಜಿನ ಗುಂಡಿಯನ್ನು ಒಂದೊಂದೇ ಗೆರೆ ತಿರುಗಿಸಿದಳು. ಒಂದು ಸಾವಿರ, ಎರಡು ಸಾವಿರ. ಏನೂ ಇಲ್ಲ. ಮೂರು. ಗಾಜಿನ ತುದಿಯಲ್ಲಿ ಮಂಜಿನಂಥದ್ದೇನೋ. ನಾಲ್ಕು ಸಾವಿರಕ್ಕೆ ಅದು ಒಟ್ಟುಗೂಡಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಹಸಿರು ಚುಕ್ಕೆಯಾಗಿ ನಿಂತಿತು.

ಅವಳು ಚೀಲದಿಂದ ಹಳೆಯ ಸ್ಪೀಕರಿನ ಆಯಸ್ಕಾಂತ ತೆಗೆದು ಕೊಳವೆಯ ಪಕ್ಕಕ್ಕೆ ತಂದಳು. ಚುಕ್ಕೆ ನಿಧಾನವಾಗಿ ಎಡಕ್ಕೆ ಸರಿಯಿತು. ಆಯಸ್ಕಾಂತ ತಿರುಗಿಸಿ ಹಿಡಿದಳು. ಬಲಕ್ಕೆ ಸರಿಯಿತು.

“ಮಾತು ಕೇಳುತ್ತೆ!” ಎಂದಳು ಫ್ರಿಜ್ಜಕ್ಕ. ಕಣ್ಣಲ್ಲಿ ನೀರಿತ್ತು. ಕೈಗವಸು ಹಾಕಿದ್ದರಿಂದ ಒರೆಸಿಕೊಳ್ಳಲಿಲ್ಲ.

“ಎಲ್ಲಿ, ಇಲ್ಲಿ ಕೊಡಿ ನೋಡೋಣ,” ಎಂದು ಪರೀಕ್ಷಕಿ ಆಯಸ್ಕಾಂತವನ್ನು ಕಸಿದುಕೊಂಡೇಬಿಟ್ಟರು. ಅವರ ಸರದಿ ಮುಗಿದ ಮೇಲೆ ಮೇಷ್ಟ್ರ ಸರದಿ. ಆಮೇಲೆ ವ್ಯಾನಿನವನು, “ನಂಗೂ ಒಂದ್ಸಲ,” ಎಂದ. ಅಂದು ಪಂಪು ವ್ಯಾನು ಹತ್ತುವಾಗ ಐದೂಕಾಲಾಗಿತ್ತು. ಐದು ಅಂದರೆ ಐದು ಎಂದವನೇ ತಡಮಾಡಿದ್ದ.

ಹೊರಡುವಾಗ ಪರೀಕ್ಷಕಿ ಬಾಗಿಲಲ್ಲಿ ನಿಂತರು. “ಅಂಕ ಹೇಳೋ ಹಾಗಿಲ್ಲ,” ಎಂದರು. “ಆದ್ರೆ ನೀವು ಎರಡನೇ ವರ್ಷದ ಪುಸ್ತಕ ತಗೊಳ್ಳಿ. ಚುಕ್ಕೆ ಬರೋಕೆ ಮೊದಲೇ ನಾನು ಅಂಕ ಹಾಕಿ ಆಗಿತ್ತು.”

ಸಾಕ್ಷಿಗೆಂದು ಫ್ರಿಜ್ಜಕ್ಕ ಮೇಷ್ಟ್ರನ್ನು ಅಂಗಡಿಯವರೆಗೂ ಕರೆದುಕೊಂಡು ಹೋದಳು. ಗಂಡ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದ. ಅತ್ತೆ ಪರದೆ ಸರಿಸಿ ಹೊರಗೆ ಬಂದರು. ಮೇಷ್ಟ್ರ ಕಡೆ ನೋಡಲೂ ಇಲ್ಲ.

“ಏನಾಯ್ತು?”

“ಪಾಸಂತೆ ಅತ್ತೆ.”

“ಎಲ್ಲದ್ರಲ್ಲೂ?”

“ಬರೆದಿದ್ದರಲ್ಲಿ ಮೊನ್ನೇನೇ ಪಾಸಾಗಿದಾರೆ ಅಮ್ಮ, ಇದೊಂದೇ ಉಳಿದಿತ್ತು,” ಎಂದರು ಮೇಷ್ಟ್ರು ಸಾಕ್ಷಿಯ ಗಾಂಭೀರ್ಯದಿಂದ.

ಅತ್ತೆ ಒಂದು ಗಳಿಗೆ ಸೊಸೆಯ ಮುಖ ನೋಡಿದರು, ಸ್ಪಿರಿಟಿನಲ್ಲಿ ನೆನೆದು ಬಿಳುಚಿದ ಅವಳ ಬೆರಳುಗಳನ್ನು ನೋಡಿದರು. ಒಳಗೆ ಹೋಗಿ ಒಂದು ಸೀಮೆಸುಣ್ಣ ತಂದರು. ಅಂಗಡಿಯ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ, ದಪ್ಪ ಅಕ್ಷರದಲ್ಲಿ, ಒಂದೊಂದನ್ನೇ ಒತ್ತಿ ಒತ್ತಿ ಬರೆದರು: ‘ಸಂಜೆ ಐದರಿಂದ ಎಂಟರವರೆಗೆ ಮೆಕ್ಯಾನಿಕ್ ಇರುವುದಿಲ್ಲ.’

“ಎಷ್ಟು ದಿನ ಅಂತ ಬರೀಬೇಕಲ್ಲಮ್ಮ,” ಎಂದ ಮಗ, ಫೋನಿಗೆ ಕೈ ಅಡ್ಡ ಹಿಡಿದು.

“ಅವಳು ಫೇಲಾಗೋವರೆಗೂ,” ಎಂದು ಅತ್ತೆ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. “ನಿನಗೆ ಬೇರೆ ಕೆಲಸ ಇಲ್ವಾ? ಫೋನಲ್ಲಿ ಆ ಮನೆಯವರಿಗೆ ಹೇಳು, ಹಾಲು ಒಂದು ಸಲ ಕಾಯಿಸಿ ಇಟ್ಕೊಳ್ಳಲಿ, ನಾಳೆ ಬೆಳಿಗ್ಗೆ ಬರ್ತಾಳೆ.”